ಕಬ್ಬಿಣದ ವ್ಯಾಪಾರಿಗಳನ್ನು ಐರನ್‌ಮಾಂಗರ್ಸ್ ಕಂಪನಿಯಲ್ಲಿ ಹುಡುಕಬೇಡಿ

1650ರಿಂದ 1730ರವರೆಗಿನ ಲಂಡನ್ನಿನ ಕಬ್ಬಿಣದ ವ್ಯಾಪಾರಿಗಳ ಬಗ್ಗೆ ಪ್ರಬಂಧ ಬರೆಯಬೇಕು, ಐರನ್‌ಮಾಂಗರ್ಸ್ ಕಂಪನಿಯ, ಅಂದರೆ ಕಬ್ಬಿಣದ ವ್ಯಾಪಾರಿಗಳ ಹೆಸರಿನ ಹಳೆಯ ವೃತ್ತಿ ಸಂಘದ, ಸದಸ್ಯರ ಪಟ್ಟಿ ಸಾಕಾ, ಉಯಿಲುಗಳನ್ನೂ ನೋಡಬೇಕಾ ಅಂತ ಕೇಳಿದ್ದೀರಿ. ಆ ಪಟ್ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ನಾನೂ ಎಂ.ಎ. ಪ್ರಬಂಧಕ್ಕೆ ಅಲ್ಲಿಂದಲೇ ಶುರು ಮಾಡಿದ್ದೆ. 1463ರಲ್ಲೇ ರಾಜನ ಸನ್ನದು ಪಡೆದ ಸಂಘ, ಹೆಸರಿನಲ್ಲೇ ಕಬ್ಬಿಣ ಇದೆ, ಇನ್ನೇನು ಬೇಕು ಅಂದುಕೊಂಡೆ. ಒಂದಿಡೀ ಚಳಿಗಾಲ ಹೆಸರುಗಳನ್ನು ಎಕ್ಸೆಲ್‌ಗೆ ಏರಿಸಿದೆ. ನಮ್ಮ ಗೈಡ್ ಅದನ್ನು ನೋಡಿ ಕೇಳಿದ್ದು ಒಂದೇ ಮಾತು: "ಇದರಲ್ಲಿ ಕ್ರೌಲಿ ಎಲ್ಲಿ?"

ಸರ್ ಆಂಬ್ರೋಸ್ ಕ್ರೌಲಿ. ನ್ಯೂಕಾಸಲ್ ಹತ್ತಿರದ ವಿನ್‌ಲೇಟನ್, ಸ್ವಾಲ್ವೆಲ್‌ಗಳಲ್ಲಿ ಕಾರ್ಖಾನೆ ಇಟ್ಟು ನೌಕಾಪಡೆಗೆ ಮೊಳೆ, ಲಂಗರು ಒದಗಿಸಿದವನು. ಆ ಕಾಲದ ಕಬ್ಬಿಣದ ದೊಡ್ಡ ಕುಳ. ನನ್ನ ಪಟ್ಟಿಯಲ್ಲಿ ಅವನೇ ಇಲ್ಲ! ಯಾಕೆಂದರೆ ಅವನಿದ್ದದ್ದು ಡ್ರೇಪರ್ಸ್ ಕಂಪನಿಯಲ್ಲಿ, ಅಂದರೆ ಬಟ್ಟೆ ವ್ಯಾಪಾರಿಗಳ ಸಂಘದಲ್ಲಿ.

ಇದು ಹೇಗೆ ಅಂತ ಬಿಡಿಸಿ ಹೇಳಲೇಬೇಕು. ಲಂಡನ್ನಿನಲ್ಲಿ ಅಂಗಡಿ ಇಡಲು ನಗರದ ಹಕ್ಕು, ಅಂದರೆ 'ಲಂಡನ್ ನಾಗರಿಕ' ಅನ್ನುವ ಮಾನ್ಯತೆ, ಬೇಕಿತ್ತು. ಅದು ಸಿಗುತ್ತಿದ್ದದ್ದು ಹೆಚ್ಚಾಗಿ ಇಂಥ ಸಂಘಗಳ ಮೂಲಕ. ಹುಡುಗ ಏಳೆಂಟು ವರ್ಷ ಯಾರ ಕೈಕೆಳಗೆ ಕೆಲಸ ಕಲಿತನೋ ಆ ಯಜಮಾನನ ಸಂಘಕ್ಕೇ ಸೇರುತ್ತಿದ್ದ. ಅಪ್ಪ ಸದಸ್ಯನಾಗಿದ್ದರೆ ಮಗನಿಗೂ ಹಕ್ಕು. ಒಮ್ಮೆ ಒಳಗೆ ಬಂದ ಮೇಲೆ ನಗರದ ರೂಢಿಯ ಪ್ರಕಾರ ಬೇರೆ ಸರಕಿನ ವ್ಯಾಪಾರವನ್ನೂ ಮಾಡಬಹುದಿತ್ತು. ಕ್ರೌಲಿಯ ಯಜಮಾನ ಮಾರುತ್ತಿದ್ದದ್ದು ಕಬ್ಬಿಣ, ಇದ್ದದ್ದು ಡ್ರೇಪರ್ಸ್‌ನಲ್ಲಿ. ಶಿಷ್ಯನೂ ಅಲ್ಲಿಗೇ ಸೇರಿದ, ಮುಂದೆ ಅದರ ಮುಖ್ಯಸ್ಥನೂ ಆದ. ಇತ್ತ ಐರನ್‌ಮಾಂಗರ್ಸ್ ಕಂಪನಿಯ ಮುಖ್ಯಸ್ಥನಾಗಿದ್ದ ಸರ್ ರಾಬರ್ಟ್ ಜೆಫ್ರಿ ಹಣ ಹೂಡಿದ್ದು ಈಸ್ಟ್ ಇಂಡಿಯಾ ಕಂಪನಿಯಂಥ ಕಡೆ. ಶಾನುಭೋಗ ಅನ್ನುವ ಅಡ್ಡಹೆಸರಿನವರೆಲ್ಲ ಇವತ್ತೂ ಊರ ಲೆಕ್ಕ ಬರೆಯುತ್ತಾರೆ ಅಂದುಕೊಂಡ ಹಾಗಾಗಿತ್ತು ನನ್ನ ಕಥೆ. ಉಯಿಲಿನಲ್ಲೂ ಇದೇ ತೊಡಕು: 'ಲಂಡನ್ ನಾಗರಿಕ, ಡ್ರೇಪರ್' ಅಂತ ಬರೆದಿದ್ದರೆ ಅದು ಸಂಘದ ಹೆಸರು, ಕಸುಬಿನದ್ದಲ್ಲ.

ಪ್ರಬಂಧ ಒಂದು ಟರ್ಮ್ ತಡವಾಯಿತು. ಆ ಎಕ್ಸೆಲ್ ಫೈಲ್ ಯಾವುದಕ್ಕೂ ಬರಲಿಲ್ಲ.

ಹಾಗಾಗಿ ಪಟ್ಟಿಯಾ, ಉಯಿಲಾ ಅನ್ನುವ ಪ್ರಶ್ನೆಯೇ ಸರಿಯಿಲ್ಲ ಅಂತೀನಿ. ಸರಕಿನ ಹಿಂದೆ ಹೋಗಿ. ಸುಂಕದ ಅಧಿಕಾರಿಗಳು 1565ರಿಂದ ಇಟ್ಟ ಬಂದರು ಪುಸ್ತಕಗಳಲ್ಲಿ ಹಡಗು, ವ್ಯಾಪಾರಿ, ಸರಕು, ಸುಂಕ ಎಲ್ಲ ಸಿಗುತ್ತದೆ. ಆದರೆ 17ನೇ ಶತಮಾನದ ಕೊನೆಯಿಂದಾಚೆಗಿನ ಲಂಡನ್ ಪುಸ್ತಕಗಳು ಬಹುಪಾಲು ನಾಶವಾಗಿವೆ. ಆ ವರ್ಷಗಳಿಗೆ ಚಾನ್ಸರಿ ಅನ್ನುವ ಇಂಗ್ಲೆಂಡಿನ ಹಳೆಯ ಕೋರ್ಟಿನ ವ್ಯಾಜ್ಯಗಳನ್ನು ಹಿಡಿಯಿರಿ. ಪಾಲುದಾರರು ಜಗಳವಾಡಿ ಕೋರ್ಟಿಗೆ ಒಪ್ಪಿಸಿದ ಲೆಕ್ಕದ ಪುಸ್ತಕಗಳು ಅಲ್ಲೇ ಉಳಿದುಬಿಟ್ಟಿವೆ, ನಮ್ಮ ಪುಣ್ಯ.

ನನ್ನನ್ನು ಕೇಳಿದರೆ ಲಂಡನ್ನನ್ನೇ ಬಿಟ್ಟು ಬ್ರಿಸ್ಟಲ್ ಹಿಡಿಯಿರಿ. ಸ್ವೀಡನ್ನಿನ ಕಬ್ಬಿಣ ತರಿಸುತ್ತಿದ್ದ ಅಲ್ಲಿನ ವ್ಯಾಪಾರಿ ಗ್ರಾಫಿನ್ ಪ್ರಾಂಕಾರ್ಡ್‌ನ ಲೆಕ್ಕಪತ್ರಗಳು ಸಾಮರ್‌ಸೆಟ್‌ನ ದಾಖಲೆ ಕೇಂದ್ರದಲ್ಲಿವೆ. ಬಂದರು ಪುಸ್ತಕ, ಚಾನ್ಸರಿ ಎರಡೂ ಇರುವುದು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ. ಓದುಗರ ಕಾರ್ಡಿಗೆ ದುಡ್ಡಿಲ್ಲ. ಹೋಗುವ ಮೊದಲೇ ಆ ಕಾಲದ ಕೈಬರಹ ಓದುವುದನ್ನು ಸ್ವಲ್ಪ ರೂಢಿ ಮಾಡಿಕೊಳ್ಳಿ.