ಮಳೆಗಾಲದಲ್ಲಿ ಕುಸಿದ ಕಾಗದದ ಗೊಂಬೆಗಳು

ಪ್ರಶ್ನೆ: ಚಿಕ್ಕಂದಿನಲ್ಲಿ ಆಡಿದ ವಿಡಿಯೋ ಗೇಮ್‌ಗಳ ಪಾತ್ರಗಳನ್ನು ದಿನಕ್ಕೊಂದರಂತೆ ಮೂವತ್ತು ದಿನ ಕಾಗದದಲ್ಲಿ ಮಾಡುತ್ತೇನೆಂದು ಜೂನ್ 1ರಂದು ಪಣ ತೊಟ್ಟೆ. ಒಂಬತ್ತನೆಯದಾದ ಮಾರಿಯೊನ ತಲೆಯೊಂದಕ್ಕೇ ಮೂರು ರಾತ್ರಿ ಹಿಡಿಯಿತು. ಅಷ್ಟರಲ್ಲಿ ಮೊದಲಿನವು ಕಪಾಟಿನ ಮೇಲೆ ಕುಸಿದು ಕುಳಿತಿದ್ದವು. ಇಲ್ಲಿಗೇ ಬಿಟ್ಟುಬಿಡಲೇ?
– ಓದುಗರೊಬ್ಬರು, ಮಲ್ಪೆ

ಉತ್ತರ: ಬಿಡಬೇಡಿ. ನಿಮ್ಮನ್ನು ಸೋಲಿಸಿದ್ದು ಸೋಮಾರಿತನವಲ್ಲ, ಒಂದು ದಿನಕ್ಕೆ ಹಿಡಿಸದಷ್ಟು ದೊಡ್ಡ ಪಾತ್ರ ಮತ್ತು ಕಡಲತೀರದ ಜೂನ್ ತಿಂಗಳ ಗಾಳಿ.

ಮೊದಲು ಗಾಳಿಯ ವಿಚಾರ. ತೇವ ಹೀರಿದ ಕಾಗದದ ನಾರುಗಳು ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು ಹಿಗ್ಗುವುದರಿಂದ ಹಾಳೆ ಸುರುಳಿಕೊಳ್ಳುತ್ತದೆ. ಜೆರಾಕ್ಸ್ ಅಂಗಡಿಯ 75 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂಗಳಲ್ಲಿ) ಹಾಳೆ ಈ ಹವೆಯಲ್ಲಿ ನಿಲ್ಲುವುದಿಲ್ಲ. 180ರಿಂದ 200 ಜಿಎಸ್‌ಎಂನ ದಪ್ಪ ಹಾಳೆ ಕೊಳ್ಳಿರಿ. ಹಾಳೆಯನ್ನು ಎರಡೂ ದಿಕ್ಕಿಗೆ ಮೆಲ್ಲನೆ ಬಾಗಿಸಿ ನೋಡಿದರೆ ಒಂದು ದಿಕ್ಕಿಗೆ ಸಲೀಸಾಗಿ ಬಾಗುತ್ತದೆ; ಆ ಬಾಗಿನ ಗೆರೆಯ ಉದ್ದಕ್ಕೇ ನಾರುಗಳು ಹರಿದಿರುತ್ತವೆ, ಅವು ಗೊಂಬೆಯ ಗೋಡೆಗಳಲ್ಲಿ ನೆಟ್ಟಗೆ ಮೇಲ್ಮುಖವಾಗಿರಲಿ. ಫೆವಿಕಾಲ್‌ನಲ್ಲೂ ನೀರಿದೆಯಾದ್ದರಿಂದ ಬೆಂಕಿಕಡ್ಡಿಯ ತುದಿಯಲ್ಲಿ ತೆಳುವಾಗಿ ಸವರಿದರೆ ಸಾಕು. ದೀಪಾವಳಿಗೆ ಗೂಡುದೀಪ ಕಟ್ಟುವವರನ್ನು ನೀವು ನೋಡಿಯೇ ಇರುತ್ತೀರಿ: ಅಲ್ಲಿ ಭಾರ ಹೊರುವುದು ಬಿದಿರಿನ ಕಡ್ಡಿ, ಕಾಗದವಲ್ಲ. ಗೇಣುದ್ದಕ್ಕಿಂತ ಎತ್ತರದ ಗೊಂಬೆಯೊಳಗೆ ಹಿಡಿಸೂಡಿಯ ಕಡ್ಡಿಗಳನ್ನು ನಿಲ್ಲಿಸಲು ಸಂಕೋಚ ಬೇಡ. ಮುಗಿದವುಗಳನ್ನು ಮುಚ್ಚಳವಿರುವ ಡಬ್ಬಿಯಲ್ಲಿಡಿ, ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳೂ ಜೊತೆಗಿರಲಿ.

ಇನ್ನು ಪಾತ್ರಗಳ ಆಯ್ಕೆ. ದಿನಕ್ಕೊಂದು ಎಂದ ಮೇಲೆ ಒಂದೇ ಸಂಜೆಯಲ್ಲಿ ಕತ್ತರಿಸಿ, ಅಂಟಿಸಿ, ಒಣಗಿಸುವಂಥದ್ದನ್ನೇ ಆರಿಸಬೇಕು. 1984ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಟೆಟ್ರಿಸ್‌ನಲ್ಲಿ ನಾಲ್ಕು ನಾಲ್ಕು ಚೌಕಗಳ ಏಳು ತುಂಡುಗಳಿವೆ, ಅಂದರೆ ನಿಮಗೆ ಒಂದು ವಾರದ ಕೆಲಸ. 8 ಸೆಂ.ಮೀ. ಚೌಕದ ಹಾಳೆಯ ಮೇಲೆ 2 ಸೆಂ.ಮೀ. ಅಂತರದಲ್ಲಿ, ನಾರಿನ ದಿಕ್ಕಿಗೇ, ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಮೂರು ಗೆರೆಗಳನ್ನು ಒತ್ತಿ ಎಳೆದು ಮಡಚಿದರೆ ಉದ್ದ ತುಂಡಿನ ನಾಲ್ಕೂ ಗೋಡೆಗಳು ಸಿದ್ಧ. ಒಂದು ಅಂಚಿಗೆ ಅಂಟುಪಟ್ಟಿಯನ್ನೂ ಎರಡು ತುದಿಗಳಿಗೆ ಚೌಕದ ಮುಚ್ಚಳಗಳನ್ನೂ ಸೇರಿಸಿ ಕತ್ತರಿಸಿಕೊಂಡಿರಬೇಕು, ಅಷ್ಟೇ. (ವಾರದ ಕೊನೆಗೆ ಏಳನ್ನೂ ಜೋಡಿಸಿ ಒಂದು ಆಯತ ಮಾಡಲು ಹೋಗಿ ರಾತ್ರಿ ಕಳೆಯಬೇಡಿ. ಚದುರಂಗದ ಮಣೆಯಂತೆ ಬಣ್ಣ ಕೊಟ್ಟು ನೋಡಿದರೆ ಆಯತದಲ್ಲಿ ಎರಡೂ ಬಣ್ಣದ ಚೌಕಗಳು ಸಮವಾಗಿರುತ್ತವೆ, ಆದರೆ ಟಿ ಆಕಾರದ ತುಂಡು ಮಾತ್ರ ಒಂದು ಬಣ್ಣದ ಮೂರು, ಇನ್ನೊಂದರ ಒಂದು ಚೌಕವನ್ನು ಮುಚ್ಚುವುದರಿಂದ ಅದು ಸಾಧ್ಯವೇ ಇಲ್ಲ.)

ನೆಂಟರು ಬಂದ ದಿನಕ್ಕೆ 1978ರ ಸ್ಪೇಸ್ ಇನ್ವೇಡರ್ಸ್‌ನ ಏಡಿಯಂಥ ಜೀವಿ ಇದೆ. ಅದು 11 ಚೌಕ ಅಗಲ, 8 ಚೌಕ ಎತ್ತರ. ಎಡಬಲ ಒಂದೇ ಆದ್ದರಿಂದ ಗ್ರಾಫ್ ಹಾಳೆಯನ್ನು ಆರನೆಯ ಲಂಬಸಾಲಿನ ನಡುವೆ ಮಡಚಿ ಕತ್ತರಿಸಿದರೆ ಅರ್ಧ ಶ್ರಮ ಉಳಿಯುತ್ತದೆ.

ಮಾರಿಯೊನ ವಿಷಯದಲ್ಲಿ ನೀವು ತೀರ ಈಚಿನ, ಉಬ್ಬುಕೆನ್ನೆಯ ಮುಖವನ್ನು ಹಿಡಿದಿರಬೇಕು ಎಂದು ನನ್ನ ಊಹೆ. 1981ರ ಡಾಂಕಿ ಕಾಂಗ್‌ನಲ್ಲಿ ಅವನು ಮೊದಲು ಕಾಣಿಸಿಕೊಂಡಾಗ ಕೆಲವೇ ಚೌಕಗಳಲ್ಲಿ ಬಾಯಿಯನ್ನೂ ಕೂದಲನ್ನೂ ಬಿಡಿಸುವುದು ಕಷ್ಟವಾದ್ದರಿಂದಲೇ ಆಟದ ವಿನ್ಯಾಸಕ ಶಿಗೆರು ಮಿಯಾಮೊಟೊ ಅವನಿಗೆ ಮೀಸೆ ಅಂಟಿಸಿ ಟೋಪಿ ತೊಡಿಸಿದರು. ಆ ಹಳೆಯ ಮಾರಿಯೊನನ್ನು ಪುಟ್ಟ ಪೆಟ್ಟಿಗೆಗಳಲ್ಲಿ ಕಟ್ಟಿರಿ. ಬಾಯಿ ಮಾಡುವ ಗೋಜೇ ಇರುವುದಿಲ್ಲ.