ಭಾನುವಾರ ಚರ್ಚ್‌ಗೆ ಹೋಗಲೇಬೇಕಾ, ಮನೆಯಲ್ಲಿ ಆನ್‌ಲೈನ್ ಆರಾಧನೆ ನೋಡಿದರೆ ಸಾಲದೇ?

ವಾರಕ್ಕೊಂದೇ ರಜೆ, ಮಕ್ಕಳಿಗೂ ಬೇಸರ ಅಂತ ಬರೆದಿದ್ದೀರಿ. ನಮ್ಮ ಮನೆಯಲ್ಲೂ ಇದೇ ಮಾತು ನಡೆದಿತ್ತು. ಆನ್‌ಲೈನ್ ಆರಾಧನೆಯೇ ಸಾಕು ಅಂದುಕೊಂಡೆವು.

ಒಮ್ಮೆಲೇ ಬಿಡಲಿಲ್ಲ. ಶನಿವಾರ ರಾತ್ರಿ "ನಾಳೆ ಹೋಗೋಣ್ವಾ?" ಅಂತ ಕೇಳಲು ಶುರು ಮಾಡಿದೆ. ಎಡವಿದ್ದು ಅಲ್ಲೇ. ಅಲ್ಲಿಯವರೆಗೆ ಅದು ಕೇಳುವ ವಿಷಯವೇ ಆಗಿರಲಿಲ್ಲ. ಕೇಳಿದ ಮೇಲೆ ಕಾರಣಗಳಿಗೇನು ಬರ? ಮಳೆ, ಪರೀಕ್ಷೆ, ಸುಸ್ತು, ನೆಂಟರು. ಎಲ್ಲವೂ ನಿಜವಾದ ಕಾರಣಗಳೇ. ಆದರೆ ಮನಸ್ಸಾದರೆ ಹೋಗಬಹುದು, ಇಲ್ಲದಿದ್ದರೆ ಇಲ್ಲ ಅನ್ನುವುದನ್ನು ಮಕ್ಕಳು ಕಲಿತುಬಿಟ್ಟರು. "ನಾಳೆ ಸ್ಕೂಲಿಗೆ ಹೋಗ್ತೀಯಾ?" ಅಂತ ನಾನು ಅವರನ್ನು ಯಾವತ್ತೂ ಕೇಳಿದವಳಲ್ಲ.

ಇದರಲ್ಲಿ ಜಾಸ್ತಿ ಕಳೆದುಕೊಂಡವರು ನಮ್ಮ ಮಾವ. ವಯಸ್ಸಿನಲ್ಲಿ ಗಾಯಕ ವೃಂದದಲ್ಲಿ ಹಾಡಿದವರು. ಕಾಲು ಸೋತ ಮೇಲೆ ನಮ್ಮ ಜೊತೆಗೇ ಬರಬೇಕಿತ್ತು. ನಾವು ಬಿಟ್ಟಾಗ ಅವರದೂ ನಿಂತಿತು. ಕರೆದುಕೊಂಡು ಹೋಗಿ ಅಂತ ಅವರು ಕೇಳಲಿಲ್ಲ, ನಮಗೂ ಹೊಳೆಯಲಿಲ್ಲ. ಫೋನಿನ ಮುಂದೆ ಕೂತು ಕೀರ್ತನೆ ಹಾಡುತ್ತಿದ್ದರು. ಆದರೆ ಪ್ರಭುಭೋಜನ, ಅಂದರೆ ಯೇಸುವಿನ ನೆನಪಿಗೆ ಹಂಚಿಕೊಳ್ಳುವ ರೊಟ್ಟಿ ಮತ್ತು ದ್ರಾಕ್ಷಾರಸ, ಫೋನಿನಲ್ಲಿ ಬರುವುದಿಲ್ಲ. ಈ ನಡುವೆ ನಮ್ಮ ಚರ್ಚಿನ ಸಭಾಪಾಲಕರು (ಪಾಸ್ಟರ್) ಬದಲಾಗಿದ್ದರು. ಮಾವ ತೀರಿಕೊಂಡ ದಿನ ಮನೆಗೆ ಬಂದ ಹೊಸ ಅಯ್ಯನವರು ನನ್ನನ್ನು ಪಕ್ಕಕ್ಕೆ ಕರೆದು, ತೀರಿಹೋದವರ ಹೆಸರೇನು ಅಂತ ಕೇಳಿದರು. ಅವರದೇನೂ ತಪ್ಪಿಲ್ಲ. ನಾವು ಪರಿಚಯ ಮಾಡಿಸಿದ್ದರೆ ತಾನೇ?

ಹಾಗಾಗಿ ಚರ್ಚ್‌ಗೆ ಹೋದರೆ ನಮ್ಮ ಕುಟುಂಬಕ್ಕೇನು ಲಾಭ ಅಂತ ನೀವು ಕೇಳುತ್ತಿರುವ ರೀತಿಯೇ ನನಗೆ ಒಪ್ಪಿಗೆಯಿಲ್ಲ. ಒಳ್ಳೆಯ ಪ್ರಸಂಗ ಆನ್‌ಲೈನ್‌ನಲ್ಲೂ ಸಿಗುತ್ತದೆ, ನಿಜ. ಆದರೆ ನೀವು ಬಂದಿಲ್ಲ ಅಂತ ಅಲ್ಲಿ ಯಾರೂ ಗಮನಿಸುವುದಿಲ್ಲ. ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆ 10:25 ಓದಿ. ಸಭೆಯಾಗಿ ಕೂಡುವುದನ್ನು ಬಿಡಬೇಡಿ ಅನ್ನುವ ಮಾತಿನ ಜೊತೆಗೇ ಒಬ್ಬರನ್ನೊಬ್ಬರು ಎಚ್ಚರಿಸಿ ಅಂತಲೂ ಇದೆ. ಕೂತು ಕೇಳಿದರಷ್ಟೇ ಆ ಕೆಲಸ ಆಗುವುದಿಲ್ಲ. ಯೇಸು ಕೂಡ ವಾಡಿಕೆಯಂತೆ ಸಬ್ಬತ್ ದಿನ, ಅಂದರೆ ಯೆಹೂದ್ಯರ ವಾರದ ವಿಶ್ರಾಂತಿ ದಿನ, ಸಭಾಮಂದಿರಕ್ಕೆ ಹೋದನು ಅಂತ ಲೂಕ 4:16 ಹೇಳುತ್ತದೆ.

ಮಕ್ಕಳ ಬೇಸರಕ್ಕೆ ನನಗೆ ಗೊತ್ತಿರುವ ಔಷಧಿ ಕೆಲಸ ಕೊಡುವುದು. ಓದುವ ವಾಕ್ಯಭಾಗವೋ, ಕುರ್ಚಿ ಜೋಡಿಸುವುದೋ, ಏನಾದರೂ. ಆರಾಧನೆ ಮುಗಿದ ತಕ್ಷಣ ಓಡಬೇಡಿ, ಸ್ವಲ್ಪ ಹೊತ್ತು ನಿಂತು ಮಾತಾಡಿ. ಭಾನುವಾರವೂ ಡ್ಯೂಟಿ ಇದ್ದರೆ ಸಂಜೆ ಆರಾಧನೆ ಇರುವ ಚರ್ಚ್ ಹುಡುಕಿ.

ಮನೆಯಲ್ಲಿ ನಡೆಯಲಾಗದ ಹಿರಿಯರಿದ್ದರೆ ಸಭಾಪಾಲಕರಿಗೆ ಇವತ್ತೇ ಫೋನ್ ಮಾಡಿ. ಬರಲಾಗದವರಿಗೆ ಪ್ರಭುಭೋಜನವನ್ನು ಮನೆಗೇ ಒಯ್ಯುವುದು ಹೊಸದೇನಲ್ಲ. ಸುಮಾರು ಕ್ರಿ.ಶ. 155ರಲ್ಲಿ ಆದಿಕಾಲದ ಕ್ರೈಸ್ತ ಲೇಖಕ ಜಸ್ಟಿನ್ ಮಾರ್ಟರ್ ಭಾನುವಾರದ ಕೂಟದ ಬಗ್ಗೆ ಬರೆದಾಗಲೇ ಅದನ್ನೂ ಬರೆದಿದ್ದಾನೆ. ಕೇಳಲು ಸಂಕೋಚ ಬೇಡ.