ಮಾತು ಕೇಳಿದರೆ ಸಾಲದು, ಕೈಯನ್ನೂ ನೋಡಿ

ಪ್ರಶ್ನೆ: ದಾವಣಗೆರೆಯಲ್ಲಿ ಕನ್ನಡ ಎಂ.ಎ. ಓದುತ್ತಿದ್ದೇನೆ ಸರ್. ಭಾಷೆಗೂ ಯೋಚನೆಗೂ ಇರುವ ನಂಟನ್ನು ನೋಡುವ ಕಾಗ್ನಿಟಿವ್ ಲಿಂಗ್ವಿಸ್ಟಿಕ್ಸ್‌ನಲ್ಲಿ ಪಿಎಚ್.ಡಿ. ಮಾಡುವ ಆಸೆ. ಆದರೆ ಸಿಗುವ ನೋಟ್ಸ್ ತುಂಬ ರೂಪಕದ ವಿಚಾರವೇ, ಅದೂ 1980ರದ್ದು. ಈಗ ಏನು ನಡೆಯುತ್ತಿದೆ? ಎಐ ಬಂದ ಮೇಲೂ ಇದಕ್ಕೆ ಬೆಲೆ ಇದೆಯಾ? ಇಲ್ಲೇ ಇದ್ದು ಏನಾದರೂ ಮಾಡಬಹುದಾ?

ಉತ್ತರ: ಖಂಡಿತ ಮಾಡಬಹುದು. ಇಲ್ಲಿದ್ದೇ ಮಾಡಿ ಅಂತ ನಾನು ಹೇಳುತ್ತೇನೆ.

ನಿಮ್ಮ ನೋಟ್ಸ್ ತಪ್ಪಲ್ಲ. ರೂಪಕ ಬರೀ ಕಾವ್ಯದ ಅಲಂಕಾರವಲ್ಲ, ನಾವು ಯೋಚಿಸುವುದೇ ಹಾಗೆ ಎಂದು ಅಮೆರಿಕದ ಭಾಷಾವಿಜ್ಞಾನಿ ಲೇಕಾಫ್ ಮತ್ತು ತತ್ವಶಾಸ್ತ್ರಜ್ಞ ಜಾನ್ಸನ್ 1980ರಲ್ಲಿ ಹೇಳಿದರು. ಆಗ ಹೆಚ್ಚಿನವರು ತಮಗೆ ಹೊಳೆದ ವಾಕ್ಯಗಳನ್ನೇ ಇಟ್ಟುಕೊಂಡು ವಾದ ಕಟ್ಟುತ್ತಿದ್ದರು. ಈಗ ಅದು ನಡೆಯುವುದಿಲ್ಲ. ಜನ ನಿಜವಾಗಿ ಆಡಿದ ಮಾತು ಬೇಕು, ಎಣಿಕೆ ಬೇಕು, ಪ್ರಯೋಗ ಬೇಕು.

ಇದರಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಕೈಸನ್ನೆಯ ಅಧ್ಯಯನ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳಲ್ಲಿ ಐಮಾರ ಅನ್ನುವ ಭಾಷೆ ಇದೆ. ಅದರಲ್ಲಿ ಕಳೆದ ಕಾಲ ಕಣ್ಣ ಮುಂದೆ, ಬರುವ ಕಾಲ ಬೆನ್ನ ಹಿಂದೆ. ಸುಮ್ನೆ ಮಾತಿನ ರೂಢಿ ಅಂತ ಯಾರಾದರೂ ತಳ್ಳಿಹಾಕಬಹುದಿತ್ತು, ಆದರೆ ನೂನ್ಯೆಸ್ ಮತ್ತು ಸ್ವೀಟ್ಸರ್ ಅನ್ನುವ ಸಂಶೋಧಕರು ಐಮಾರ ಆಡುವವರ ಮಾತುಕತೆಯ ವಿಡಿಯೊಗಳನ್ನು ನೋಡಿದಾಗ, ಹಳೆಯ ಕಾಲದ ಬಗ್ಗೆ ಹೇಳುವ ಹಿರಿಯರ ಕೈ ಮುಂದಕ್ಕೂ, ಮುಂಬರುವ ಕಾಲದ ಬಗ್ಗೆ ಹೇಳುವಾಗ ಹಿಂದಕ್ಕೂ ಹೋಗುತ್ತಿತ್ತು. ಸ್ಪ್ಯಾನಿಷ್ ಚೆನ್ನಾಗಿ ಬಲ್ಲ ಕಿರಿಯರಲ್ಲಿ ಇದು ಬದಲಾಗುತ್ತಿತ್ತು. 2006ರಲ್ಲಿ ಇದು ಪ್ರಕಟವಾಯಿತು.

ಈಗ ನಮ್ಮ ಎಪಿಎಂಸಿಗೆ ಬನ್ನಿ. ಮೆಕ್ಕೆಜೋಳದ ದರ ಏರಿತು, ಬಿತ್ತು ಅಂತ ರೈತರು, ದಲಾಲರು ದಿನವೂ ಮಾತಾಡುತ್ತಾರೆ. ಆಗ ಅವರ ಕೈಯೂ ಮೇಲೆ ಕೆಳಗೆ ಆಡುತ್ತದಾ? ಮನೆಯಲ್ಲಿ ಲಂಬಾಣಿ, ಹೊರಗೆ ಕನ್ನಡ ಆಡುವ ತಾಂಡಾದವರು ನಿನ್ನೆ ನಾಳೆ ಅನ್ನುವಾಗ ಎರಡು ಭಾಷೆಯಲ್ಲೂ ಕೈ ಒಂದೇ ಕಡೆ ಹೋಗುತ್ತದಾ? ಇವು ಒಳ್ಳೆಯ ಪಿಎಚ್.ಡಿ. ಪ್ರಶ್ನೆಗಳು. ಈ ಕ್ಷೇತ್ರದಲ್ಲಿ ಇಂಗ್ಲಿಷಿನ ಮೇಲೇ ಅತಿ ಹೆಚ್ಚು ಕೆಲಸ ಆಗಿದೆ. ಅದಕ್ಕೇ ಬೇರೆ ಭಾಷೆಗಳ ಮಾತು ಬೇಕು ಅನ್ನುವ ಒತ್ತಾಯ ಈಗ ಜೋರಾಗಿದೆ.

ಎಐನಿಂದ ಬೆಲೆ ಕಡಿಮೆ ಆಗಿಲ್ಲ, ಹೆಚ್ಚಿದೆ. 'ನನಗೆ ಹಸಿವಾಯಿತು', 'ಅವನಿಗೆ ಸಿಟ್ಟು ಬಂತು' ಅನ್ನುವ ಥರದ ವಾಕ್ಯಗಳನ್ನು ಯಂತ್ರ ಸರಿಯಾಗೇ ಬರೆಯುತ್ತದೆ. ಆದರೆ ಅದಕ್ಕೆ ಹೊಟ್ಟೆ ಇಲ್ಲ ಅಲ್ವಾ? ಮೈಯ ಅನುಭವದಿಂದಲೇ ಅರ್ಥ ಹುಟ್ಟುತ್ತದೆ ಅನ್ನುವುದು ಈ ಕ್ಷೇತ್ರದ ಬುನಾದಿ. ಯಂತ್ರ ಬರೀ ಓದಿ ಎಷ್ಟು ಭಾಷೆ ಕಲಿಯಬಹುದು, ಎಲ್ಲಿ ಎಡವುತ್ತದೆ ಎಂದು ಬೇರೆ ಬೇರೆ ವಾಕ್ಯರಚನೆಗಳನ್ನು ಇಟ್ಟುಕೊಂಡು ಸಂಶೋಧಕರು ಪರೀಕ್ಷೆ ಮಾಡುತ್ತಿದ್ದಾರೆ. ಕನ್ನಡದಲ್ಲಿ ಅದನ್ನು ಮಾಡಲು ಕನ್ನಡ ಬಲ್ಲವರೇ ಬೇಕು.

ಒಂದೇ ಸಣ್ಣ ಪ್ರಶ್ನೆ ಹಿಡಿಯಿರಿ. ಜನರ ಒಪ್ಪಿಗೆ ಕೇಳಿಯೇ ವಿಡಿಯೊ ಮಾಡಿ, ಮುಖದ ಜೊತೆ ಎರಡೂ ಕೈ ಕಾಣುವ ಹಾಗೆ ಫೋನ್ ಇಡಿ. ಮಾತು, ಸನ್ನೆ ಎರಡನ್ನೂ ಸಾಲು ಹೊಂದಿಸಿ ಬರೆಯಲು ಎಲಾನ್ ಅನ್ನುವ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಸಂಖ್ಯಾಶಾಸ್ತ್ರಕ್ಕೆ ಹೆದರಬೇಡಿ, ಎಂ.ಎ. ಮುಗಿಯುವುದರೊಳಗೆ ಶುರು ಮಾಡಿ.